ಮೊದಲ ಮೆಡಿಟರೇನಿಯನ್ ಕ್ರೂಸ್: ಅತ್ತೆ ಮಾವನ ಜೊತೆ ಹೊರಟಿದ್ದೇವೆ, ಏನೇನು ಕಟ್ಟಿಕೊಳ್ಳಬೇಕು?

ರಾಜಾಜಿನಗರದವಳು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಾವ ನಾಲ್ಕು ಜನ ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ಏಳು ರಾತ್ರಿ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಮಾರ್ಸೇ, ಜಿನೋವಾ, ರೋಮ್‌ಗೆ ಹೋಗಲು ಚಿವಿಟವೆಕ್ಕಿಯಾ, ಆಮೇಲೆ ನೇಪಲ್ಸ್, ಮಾಲ್ಟಾ ನೋಡಿಕೊಂಡು, ಒಂದು ದಿನ ಪೂರ್ತಿ ಸಮುದ್ರದ ಮೇಲೆ ಕಳೆದು ಮತ್ತೆ ಬಾರ್ಸಿಲೋನಾದಲ್ಲೇ ಇಳಿಯುವುದು. ಕ್ರೂಸ್ ಬುಕ್ ಆಗಿದೆ. ವಿಮಾನದ ಟಿಕೆಟ್ ಇನ್ನೂ ತೆಗೆದುಕೊಂಡಿಲ್ಲ, ವೀಸಾನೂ ಆಗಿಲ್ಲ.

ಅತ್ತೆ ಮಾವ ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಮಾವನಿಗೆ ಸಮುದ್ರ ಅಂದ್ರೆ ಪ್ರಾಣ, ಆದರೆ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ನಾಲ್ಕು ತಿರುವು ಹತ್ತಿದರೆ ಸಾಕು, ವಾಂತಿ ಶುರುವಾಗುತ್ತದೆ. ಅತ್ತೆಗೆ ಮಂಡಿನೋವು. ಮೆಟ್ಟಿಲು ಹತ್ತುವುದು ಕಷ್ಟ, ಸಮತಟ್ಟಾದ ಜಾಗದಲ್ಲಿ ಮೆಲ್ಲಗೆ ನಡೆಯುತ್ತಾರೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅತ್ತೆ ಈಗಲೇ ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್, ಅವಲಕ್ಕಿ, ತುಪ್ಪದ ಡಬ್ಬಿ ಎಲ್ಲ ಒಂದು ಕಡೆ ಎತ್ತಿಟ್ಟಿದ್ದಾರೆ.

ನನ್ನ ಪ್ರಶ್ನೆಗಳು ಇಷ್ಟು. ಇಷ್ಟೊಂದು ದೇಶ ಇರುವಾಗ ವೀಸಾ ಯಾವ ದೇಶಕ್ಕೆ ಹಾಕಬೇಕು? ಅತ್ತೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ತೊಂದರೆ ಆಗುತ್ತಾ? ಒಬ್ಬೊಬ್ಬರಿಗೆ ಎಷ್ಟು ಬ್ಯಾಗ್ ಸಾಕು, ಬಟ್ಟೆ ಎಂಥದ್ದು ಬೇಕು? ಊಟದ ಕಥೆ ಏನು? ಇದರ ಬಗ್ಗೆ ಹುಡುಕಿದರೆ ಸಿಗೋದೆಲ್ಲ ಅಮೆರಿಕದವರು ಬರೆದದ್ದೇ. ನಮ್ಮ ಕಡೆಯಿಂದ ಹೋಗಿ ಬಂದವರು ಹೇಳಿದರೆ ದೊಡ್ಡ ಉಪಕಾರ.

ಕಡಲಹಕ್ಕಿ:

ಮೇಡಂ, ಬ್ಯಾಗಿನ ವಿಷಯ ಆಮೇಲೆ. ಮೊದಲು ಕಾಗದ ಪತ್ರ ಮಾಡಿಕೊಳ್ಳಿ. ಕ್ರೂಸ್ ಹಣ ಕಟ್ಟಿ ವೀಸಾ ಕೈಗೆ ಬರದೇ ಇದ್ದರೆ ಆಗುವ ಸಂಕಟ ಯಾರಿಗೂ ಬೇಡ.

ನೀವು ಹೇಳಿದ ಬಂದರುಗಳೆಲ್ಲ ಷೆಂಗೆನ್ ಒಳಗೇ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಒಳಗೇ ಬರುತ್ತವೆ, ಮಾಲ್ಟಾ ಕೂಡ. ಹಾಗಾಗಿ ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಈಗ ನಿಮ್ಮ ಲೆಕ್ಕ ನೋಡಿ. ಜಿನೋವಾ, ಚಿವಿಟವೆಕ್ಕಿಯಾ, ನೇಪಲ್ಸ್ ಸೇರಿ ಇಟಲಿಯಲ್ಲಿ ಮೂರು ದಿನ. ಸ್ಪೇನ್‌ನಲ್ಲಿ ಹಿಂದಿನ ದಿನ ಹೋಗಿ ಇಳಿದರೆ ಒಂದು, ಹಡಗು ಹತ್ತುವ ದಿನ ಒಂದು, ವಾಪಸ್ ಇಳಿಯುವ ದಿನ ಒಂದು, ಅಲ್ಲಿಗೂ ಮೂರೇ. ಈ ಸಮಸಮ ಲೆಕ್ಕವೇ ತಲೆನೋವು. ಕ್ರೂಸ್ ಮುಗಿದ ಮೇಲೆ ಬಾರ್ಸಿಲೋನಾದಲ್ಲಿ ಇನ್ನೊಂದು ರಾತ್ರಿ ಉಳಿದುಬಿಡಿ, ಸ್ಪೇನ್ ಲೆಕ್ಕ ಸ್ಪಷ್ಟವಾಗಿ ಮುಂದೆ ಹೋಗುತ್ತದೆ. ಊರೂ ಅಷ್ಟು ಚೆನ್ನಾಗಿದೆ, ಆ ಒಂದು ದಿನ ದಂಡ ಆಗಲ್ಲ. ಕವರಿಂಗ್ ಲೆಟರ್ ಜೊತೆ ಒಂದು ಹಾಳೆಯಲ್ಲಿ ತಾರೀಖು, ಊರು, ರಾತ್ರಿ ಎಲ್ಲಿ ತಂಗುವುದು, ಇಷ್ಟನ್ನು ದಿನದ ಪ್ರಕಾರ ಬರೆದು ಕ್ರೂಸ್ ಬುಕಿಂಗ್ ಜೊತೆ ಇಡಿ. ಅರ್ಜಿ ನೋಡುವವರಿಗೆ ಹಡಗಿನ ದಾರಿ ಒಂದೇ ನೋಟಕ್ಕೆ ಅರ್ಥವಾಗಬೇಕು.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿಮ್ಮ ಹಡಗು ಟರ್ಕಿ, ಟ್ಯುನೀಶಿಯಾ ಅಥವಾ ಮಾಂಟೆನೆಗ್ರೊದ ಕೋಟರ್‌ಗೆ ಹೋಗಿ ಮತ್ತೆ ಯುರೋಪಿಗೆ ಬರುವುದಾದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಒಳಗೆ ಬಂದ ಹಾಗೆ. ಮಲ್ಟಿಪಲ್ ಎಂಟ್ರಿ ಅಂತಲೇ ಕೇಳಬೇಕು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗೆ ಸೇರಿದೆ, ಆದ್ದರಿಂದ ಡುಬ್ರೊವ್ನಿಕ್‌ಗೆ ಈ ಚಿಂತೆ ಇಲ್ಲ. ಹಳೆಯ ಬರಹಗಳಲ್ಲಿ ಬೇರೆ ಥರ ಇರುತ್ತದೆ, ನಂಬಬೇಡಿ.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಿ ಹಾಕುವ ಹಾಗಿಲ್ಲ. 15 ದಿನ ಅನ್ನುವುದನ್ನು ಮರೆತೇಬಿಡಿ, ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ. ಸ್ಲಾಟ್ ಕಂಡ ದಿನವೇ ಹಿಡಿಯಿರಿ. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರಿನವರ ಸೇವಾ ಶುಲ್ಕ ಬೇರೆ. ಇನ್ಶೂರೆನ್ಸ್ ಕಡಿಮೆ ಅಂದ್ರೂ 30,000 ಯೂರೋದ್ದು ಇರಬೇಕು. ಪಾಸ್‌ಪೋರ್ಟ್ ನೀವು ಯುರೋಪ್ ಬಿಡುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಇನ್ನು ಅತ್ತೆಯವರ ಸರ್‌ನೇಮ್. ನಮ್ಮ ಕಡೆ ಅರ್ಧ ಜನರದ್ದು ಇದೇ ಕಥೆ ಅಲ್ವಾ? ಇನಿಷಿಯಲ್ ಮಾತ್ರ ಇಟ್ಟುಕೊಂಡು ಬಂದವರು ನಾವು. ಕ್ರೂಸ್ ಸೈಟಿನಲ್ಲಿ ಆ ಜಾಗ ತುಂಬದೆ ಮುಂದೆ ಹೋಗುವುದಿಲ್ಲ, ವಿಮಾನದ ಸೈಟಿನಲ್ಲೂ ಅಷ್ಟೇ. ಕೆಲವರು ಹೆಸರನ್ನೇ ಎರಡು ಸಲ ಹಾಕಿಸುತ್ತಾರೆ, ಕೆಲವು ಕಂಪನಿಗಳು ತಮ್ಮದೇ ಒಂದು ಸಂಕೇತ ಹಾಕುತ್ತವೆ. ನೀವಾಗಿ ಊಹಿಸಿ ತುಂಬಬೇಡಿ. ಎರಡೂ ಕಡೆ ಫೋನ್ ಮಾಡಿ, ಪಾಸ್‌ಪೋರ್ಟ್ ಪುಟ ಕಳಿಸಿ, ಹೀಗೇ ಹಾಕಿ ಅಂತ ಅವರು ಹೇಳಿದ ಮೇಲೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ಇಮೇಲ್ ಪ್ರಿಂಟ್ ಅತ್ತೆಯವರ ಪಾಸ್‌ಪೋರ್ಟ್ ಜೊತೆಗೇ ಇರಲಿ.

ವಿಮಾನ ಯಾವುದೇ ತೆಗೆದುಕೊಳ್ಳಿ, ಹಡಗು ಹೊರಡುವ ದಿನವೇ ಹೋಗಿ ಇಳಿಯುವ ಟಿಕೆಟ್ ಮಾತ್ರ ಬೇಡ. ಬೆಂಗಳೂರಿನಿಂದ ಬಾರ್ಸಿಲೋನಾಗೆ ನೇರ ವಿಮಾನ ಇಲ್ಲ. ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್, ಪ್ಯಾರಿಸ್ ಕಡೆಯಿಂದ ಬದಲಾಯಿಸಿಕೊಂಡು ಹೋಗಬೇಕು. ಒಂದು ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಫ್ರಾಂಕ್‌ಫರ್ಟ್ ಕಡೆಯಿಂದ ಹೋದರೆ ಇಮಿಗ್ರೇಶನ್ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿಗೆ ಸೀಲ್ ಹೊಡೆಯುವ ಬದಲು ಕಂಪ್ಯೂಟರಿನಲ್ಲೇ ದಾಖಲು ಮಾಡುತ್ತಾರೆ, ಮೊದಲ ಸಲದವರಿಗೆ ಅಲ್ಲಿ ಹೊತ್ತು ಹಿಡಿಯುತ್ತದೆ. ಎರಡು ವಿಮಾನದ ನಡುವೆ ಒಂದೂವರೆ ಗಂಟೆ ಇಟ್ಟುಕೊಂಡು ಮಂಡಿನೋವಿನ ಅತ್ತೆಯನ್ನು ಓಡಿಸಬೇಡಿ. ಟಿಕೆಟ್ ಮಾಡುವಾಗಲೇ ಅವರಿಗೆ ವೀಲ್‌ಚೇರ್ ಕೇಳಿ.

ಬಸವನಗುಡಿ ಬ್ಯಾಗು:

ಕಡಲಹಕ್ಕಿ ಕಾಗದದ್ದೆಲ್ಲ ಹೇಳಿದ್ದಾರೆ, ನಾನು ಬ್ಯಾಗಿನದ್ದು ಹೇಳುತ್ತೇನೆ. ಇದರ ಬಗ್ಗೆ ನನಗೆ ತುಂಬಾ ಗಟ್ಟಿಯಾದ ಅಭಿಪ್ರಾಯ ಇದೆ.

ಎಲ್ಲರೂ ಹಡಗಿಗೆ ಅಂತ ಬ್ಯಾಗ್ ಕಟ್ಟುತ್ತಾರೆ. ಸಂಜೆ ಊಟಕ್ಕೆ ಒಂದು ಡ್ರೆಸ್, ಪಾರ್ಟಿಗೆ ಒಂದು, ಫೋಟೋಗೆ ಇನ್ನೊಂದು. ಆದರೆ ನಿಮ್ಮ ಕ್ರೂಸ್‌ನಲ್ಲಿ ಐದು ದಿನ ನೀವು ಹಗಲೆಲ್ಲ ಹಡಗಿನ ಹೊರಗೇ ಇರುತ್ತೀರಿ, ಕಲ್ಲು ಹಾಸಿನ ಹಳೇ ಬೀದಿಗಳಲ್ಲಿ, ಬಿಸಿಲಲ್ಲಿ. ಆ ಹಗಲಿಗೆ ಅಂತ ಕಟ್ಟಿ. ಸಂಜೆಯದ್ದು ಎರಡು ಜೊತೆ ಇದ್ದರೆ ಧಾರಾಳ ಆಯ್ತು.

ಒಬ್ಬೊಬ್ಬರಿಗೆ ಒಂದು ಮಧ್ಯಮ ಗಾತ್ರದ ಸೂಟ್‌ಕೇಸ್, ಬೆನ್ನಿಗೆ ಹಾಕುವ ಒಂದು ಚಿಕ್ಕ ಬ್ಯಾಗ್. ಅಷ್ಟೇ. ಕ್ಯಾಬಿನ್ ಚಿಕ್ಕದು, ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳಬೇಕು, ನಾಲ್ಕು ದೊಡ್ಡ ಪೆಟ್ಟಿಗೆ ತಂದರೆ ಕಾಲಿಡಲು ಜಾಗ ಇರುವುದಿಲ್ಲ.

ಬೆನ್ನಿನ ಬ್ಯಾಗಿನ ವಿಷಯ ಸರಿಯಾಗಿ ಕೇಳಿ. ಬಂದರಿನಲ್ಲಿ ಸೂಟ್‌ಕೇಸಿಗೆ ಕ್ಯಾಬಿನ್ ನಂಬರಿನ ಟ್ಯಾಗ್ ಕಟ್ಟಿ ಪೋರ್ಟರ್ ಕೈಗೆ ಕೊಡುತ್ತೀರಿ. ಸಾವಿರಾರು ಜನರ ಪೆಟ್ಟಿಗೆ ಅದು, ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆ ಆಗಬಹುದು. ಅಲ್ಲಿಯವರೆಗೆ ನಿಮ್ಮ ಹತ್ತಿರ ಇರುವುದು ಬೆನ್ನ ಮೇಲಿದ್ದದ್ದು ಮಾತ್ರ. ಪಾಸ್‌ಪೋರ್ಟ್, ಹಡಗಿನ ಬೋರ್ಡಿಂಗ್ ಪಾಸ್, ಎಲ್ಲರ ಮಾತ್ರೆ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಒಡವೆ ಏನಾದರೂ ಇದ್ದರೆ ಅದು, ಎಲ್ಲ ಅದರಲ್ಲೇ. ಕೊನೆಯ ರಾತ್ರಿ ಇದೇ ಉಲ್ಟಾ ನಡೆಯುತ್ತದೆ. ರಾತ್ರಿ ಮಲಗುವ ಮುಂಚೆ ಸೂಟ್‌ಕೇಸ್ ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ಅದು ಸಿಗುವುದು ಬಂದರಿನ ಹಾಲ್‌ನಲ್ಲಿ. ಬೆಳಿಗ್ಗೆ ಉಡುವ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ ಹೊರಗೆ ತೆಗೆದಿಟ್ಟುಕೊಂಡೇ ಬೀಗ ಹಾಕಿ.

ಇನ್ನೊಂದು, ಇದನ್ನು ದಯವಿಟ್ಟು ಮಾಡಿ. ನಾಲ್ಕೂ ಜನರ ಬಟ್ಟೆಯನ್ನು ನಾಲ್ಕೂ ಸೂಟ್‌ಕೇಸಿನಲ್ಲಿ ಹಂಚಿ ಇಡಿ. ನಮ್ಮ ಜೊತೆ ಬಂದಿದ್ದ ಚಿಕ್ಕಪ್ಪನ ಪೆಟ್ಟಿಗೆ ವಿಮಾನ ಬದಲಾಯಿಸುವ ಕಡೆ ಹಿಂದೆ ಉಳಿದು, ಹಡಗು ಹೊರಟೇ ಹೋಯಿತು. ಚಿಕ್ಕಮ್ಮ ಮನೆಯಲ್ಲೇ ಅವರ ಎರಡು ಪ್ಯಾಂಟು, ಮೂರು ಶರಟು, ಬನಿಯನ್ನು, ಒಂದು ಪಂಚೆ ಎಲ್ಲ ಸುರುಳಿ ಸುತ್ತಿ ತಮ್ಮ ಸೀರೆಗಳ ನಡುವೆ ಸೇರಿಸಿ ಇಟ್ಟಿದ್ದರು. ಪೆಟ್ಟಿಗೆ ನೇಪಲ್ಸ್‌ಗೆ ಬಂದು ಸೇರುವ ತನಕ ಚಿಕ್ಕಪ್ಪ ಅದರಲ್ಲೇ ಆರಾಮಾಗಿದ್ದರು. ಪೆಟ್ಟಿಗೆ ಬಂದದ್ದೂ ಯಾಕೆ ಗೊತ್ತಾ? ಹಡಗಿನ ಕಾಗದಗಳಲ್ಲಿ ಪ್ರತಿ ಬಂದರಿನ ಏಜೆಂಟ್ ವಿಳಾಸ ಇರುತ್ತದೆ, ಆ ಹಾಳೆಯ ಒಂದು ಪ್ರತಿಯನ್ನು ವಿಮಾನ ನಿಲ್ದಾಣದಲ್ಲೇ ದೂರಿನ ಜೊತೆ ಕೊಟ್ಟು ಬಂದಿದ್ದೆವು. ಆ ಹಾಳೆ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ, ಸೂಟ್‌ಕೇಸಿನ ಒಳಗೂ ಮೇಲ್ಗಡೆ ಒಂದು ಪ್ರತಿ ಇಡಿ.

ಬಟ್ಟೆ: ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಇನ್ನೂ ಬೆಚ್ಚಗೇ ಇರುತ್ತದೆ, ಹತ್ತಿ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಬೇಕು. ಜುಲೈ, ಆಗಸ್ಟ್‌ನಲ್ಲಿ ಹೋಗುವವರಿಗೆ ಹೇಳುತ್ತೇನೆ, ರೋಮ್ ಬಿಸಿಲು ಬೆಂಗಳೂರಿನವರಿಗೆ ತಡೆಯುವಂಥದ್ದಲ್ಲ. ರಾತ್ರಿ ಡೆಕ್ ಮೇಲೆ ಗಾಳಿ ಜೋರು, ಊಟದ ಹಾಲ್‌ನಲ್ಲಿ ಎಸಿ ಜೋರು. ನಮ್ಮ ಡಿಸೆಂಬರ್ ಸ್ವೆಟರ್ ಅಥವಾ ಒಂದು ಶಾಲು ಸಾಕು, ಜಾಕೆಟ್ ಬೇಡ. ತೆಳು ರೇನ್‌ಕೋಟ್ ಇರಲಿ, ಆ ಹೊತ್ತಿಗೆ ಅಲ್ಲಿ ಮಳೆ ಶುರುವಾಗುವ ಕಾಲ.

ವ್ಯಾಟಿಕನ್‌ನಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಒಳಗೆ ಭುಜ, ಮಂಡಿ ಮುಚ್ಚಿರಬೇಕು, ಚಡ್ಡಿ, ತೋಳಿಲ್ಲದ ಬಟ್ಟೆ ಹಾಕಿಕೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸೀರೆ, ಚೂಡಿದಾರ್ ಇದ್ದವರಿಗೆ ಚಿಂತೆಯೇ ಇಲ್ಲ.

ಫಾರ್ಮಲ್ ನೈಟ್ ಅಂತ ಹಡಗಿನಲ್ಲಿ ಒಂದೆರಡು ರಾತ್ರಿ ಇರುತ್ತದೆ. ಅದಕ್ಕೆ ಮೈಸೂರು ಸಿಲ್ಕ್ ಸೀರೆ ತೆಗೆದುಕೊಂಡು ಹೋಗಿ. ಕಾಂಜೀವರಂ ಬೇಡ, ಭಾರ. ಮೈಸೂರು ಸಿಲ್ಕ್ ಕ್ರೇಪ್ ಆದ್ದರಿಂದ ಮಡಿಕೆ ಬೀಳುವುದು ಕಡಿಮೆ, ಸುರುಳಿ ಸುತ್ತಿ ಇಟ್ಟರೆ ಒಂದು ಅಂಗೈ ಅಗಲದಲ್ಲಿ ಕೂರುತ್ತದೆ. ಕ್ಯಾಬಿನ್‌ಗೆ ಇಸ್ತ್ರಿಪೆಟ್ಟಿಗೆ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಇದು ಮುಖ್ಯ. ಸಂಜೆ ಬಾತ್‌ರೂಮಿನಲ್ಲಿ ನೇತುಹಾಕಿ ಬಿಸಿನೀರು ಬಿಟ್ಟು ಸ್ನಾನ ಮಾಡಿ ಬಂದರೆ ಇರುವ ಒಂದೆರಡು ಗೆರೆಯೂ ಆ ಹಬೆಗೆ ಹೋಗುತ್ತದೆ. ಮಾವನಿಗೆ ಬಿಳಿ ಶರಟು, ಜರಿ ಪಂಚೆ, ಶಲ್ಯ. ಕೋಟು ಹೊಲಿಸಬೇಡಿ. ಆ ಹಾಲ್‌ನಲ್ಲಿ ಜರಿ ಪಂಚೆ ಉಟ್ಟವರಿಗೆ ಸಿಗುವ ಗೌರವ ನೋಡಬೇಕು.

ಚಪ್ಪಲಿ ವಿಷಯ ಕಡೆಗೆ ಹೇಳುತ್ತಿದ್ದೇನೆ, ಆದರೆ ಇದೇ ಎಲ್ಲಕ್ಕಿಂತ ದೊಡ್ಡದು. ಇವತ್ತೇ ಶೂ ತೆಗೆದುಕೊಡಿ, ನಾಲ್ಕೂ ಜನಕ್ಕೆ. ಅತ್ತೆಯವರು ಸೀರೆಯ ಮೇಲೆ ಶೂ ಬೇಡ ಅನ್ನಬಹುದು, ಒಪ್ಪಿಸಿ. ಅದನ್ನು ಹಾಕಿಕೊಂಡು ದಿನಾ ಸಂಜೆ ಪಾರ್ಕಿನಲ್ಲಿ ಅರ್ಧ ಗಂಟೆ, ಆಮೇಲೆ ಮುಕ್ಕಾಲು ಗಂಟೆ ನಡೆಯಲಿ. ಹೊಸ ಶೂ ಹಾಕಿಕೊಂಡು ನೇರ ನೇಪಲ್ಸ್ ಹತ್ತಿರದ ಪಾಂಪೇಗೆ ಹೋದರೆ ಹಿಮ್ಮಡಿ ಬೊಕ್ಕೆ ಬರುತ್ತದೆ. ಅಲ್ಲಿಯ ರಸ್ತೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಅದೇ ರಸ್ತೆ. ದಪ್ಪ ದಪ್ಪ ಕಲ್ಲು, ನಡುವೆ ಸಂದು, ಗಾಡಿ ಚಕ್ರ ಸವೆದ ಆಳವಾದ ಗೆರೆಗಳು. ಕಣ್ಣು ಗೋಡೆಯ ಚಿತ್ರದ ಮೇಲಿರುತ್ತದೆ, ಕಾಲು ಸಂದಿಗೆ ಹೋಗುತ್ತದೆ.

ಮಂಗಳೂರು ಬೆಂಗಳೂರು:

ಊಟದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯವರು ಹಡಗಿನ ಅಡುಗೆಮನೆಯಲ್ಲೇ ಕೆಲಸ ಮಾಡುತ್ತಿದ್ದರು.

ಮೇಡಂ, ಆ ಎಲೆಕ್ಟ್ರಿಕ್ ಕುಕ್ಕರ್ ದಯವಿಟ್ಟು ಮನೆಯಲ್ಲೇ ಬಿಡಿ. ಕುಕ್ಕರ್, ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್, ದೀಪ, ಊದುಬತ್ತಿ, ಕರ್ಪೂರ, ಇದೊಂದೂ ಹಡಗಿಗೆ ಬಿಡುವುದಿಲ್ಲ. ಸ್ಕ್ಯಾನ್‌ನಲ್ಲಿ ಕಂಡರೆ ತೆಗೆದಿಟ್ಟುಕೊಂಡು ಇಳಿಯುವ ದಿನ ವಾಪಸ್ ಕೊಡುತ್ತಾರೆ, ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವುದೂ ತಡವಾಗುತ್ತದೆ. ಸುಮ್ನೆ ಕಟ್ಟುನಿಟ್ಟು ಮಾಡುತ್ತಾರೆ ಅಂದುಕೊಳ್ಳಬೇಡಿ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗ ಇಲ್ಲ, ಹಡಗಿನವರು ಎಲ್ಲಕ್ಕಿಂತ ಹೆದರುವುದು ಬೆಂಕಿಗೆ.

ತುಪ್ಪದ ಡಬ್ಬಿಯೂ ಬೇಡ. ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ ಅಂತ ಅಲ್ಲಿ ಕಾನೂನೇ ಇದೆ. ತುಪ್ಪ, ಪೇಡ, ಖೋವಾ ಹಾಕಿದ ಸಿಹಿ ಯಾವುದೂ ಬೇಡ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆ, ಒಗ್ಗರಣೆ ಹಾಕಿ ಹುರಿದ ತೆಳು ಅವಲಕ್ಕಿ, ಇವು ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಆದರೆ ತೊಂದರೆ ಕಡಿಮೆ. ಗೊಜ್ಜು ಚೆಕ್‌ಇನ್ ಸೂಟ್‌ಕೇಸಿನಲ್ಲಿ ಹೋಗಲಿ, ಕೈಬ್ಯಾಗಿನಲ್ಲಿ 100 ಎಂಎಲ್ ಮೀರಿದರೆ ಸೆಕ್ಯೂರಿಟಿಯಲ್ಲಿ ಎಸೆಯುತ್ತಾರೆ. ಬಫೆ ಹಾಲ್‌ನಲ್ಲಿ ಕಾಫಿ, ಟೀ ಮೆಷಿನ್ ಹತ್ತಿರ ಬಿಸಿನೀರು ಸಿಗುತ್ತದೆ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್‌ಗೆ ಅದೇ ಸಾಕು.

ಆದರೆ ನಿಜ ಹೇಳಬೇಕೆಂದರೆ ಅಷ್ಟೆಲ್ಲ ಬೇಕಾಗುವುದಿಲ್ಲ. ಇವತ್ತೇ ಕ್ರೂಸ್ ಕಂಪನಿಗೆ ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ ಅಂತ ಬರೆದು ಬುಕಿಂಗ್‌ನಲ್ಲಿ ಸೇರಿಸಲು ಹೇಳಿ. ಹಡಗು ಹತ್ತಿದ ಮೊದಲ ಸಂಜೆಯೇ ಊಟದ ಹಾಲ್‌ನ ಮೇಲ್ವಿಚಾರಕರನ್ನು ಭೇಟಿ ಮಾಡಿ ಮಾತಾಡಿ. ಅಡುಗೆಯವರು ಬೇಳೆ, ಪಲ್ಯ ಮಾಡಲು ಒಂದು ದಿನ ಮುಂಚೆ ಗೊತ್ತಿರಬೇಕು. ಸಿಬ್ಬಂದಿಯಲ್ಲಿ ಗೋವಾ, ಮುಂಬೈ, ನಮ್ಮ ಮಂಗಳೂರು ಕಡೆಯವರು ಸಿಗುತ್ತಾರೆ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರಿನ ಜೊತೆ ದೇಶವೂ ಇರುವುದು ವಾಡಿಕೆ. ಅತ್ತೆಯವರು ನಿಮ್ಮ ಊರು ಯಾವುದಪ್ಪ ಅಂತ ಒಂದು ಮಾತು ಕೇಳಲಿ. ತಿಂಗಳುಗಟ್ಟಲೆ ಮನೆ ಬಿಟ್ಟು ಬಂದ ಹುಡುಗರು ಅವರು, ತಾಯಿ ವಯಸ್ಸಿನವರು ವಿಚಾರಿಸಿದರೆ ಅವರಿಗೂ ಎಷ್ಟೋ ಸಮಾಧಾನ.

ಒಂದು ಎಚ್ಚರ. ಬಂದರಿನಲ್ಲಿ ಸೂಪ್ ಕುಡಿಯುವಾಗ ಕೇಳಿ ಕುಡಿಯಿರಿ. ತರಕಾರಿ ಸೂಪ್ ಅಂದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು. ಇಟಲಿಯಲ್ಲಿ ಪಿಜ್ಜಾ ಮಾರಿನಾರಾ ಅಂದರೆ ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ನೇಪಲ್ಸ್‌ನಲ್ಲಿ ಹುಟ್ಟಿದ ಪಿಜ್ಜಾ ಅದು, ಅಲ್ಲೇ ತಿನ್ನಿ.

ಗಾಲಿ ಗಿರಿನಗರ:

ರೋಮ್‌ಗೆ ಹಡಗಿನವರ ಟೂರ್ ತೆಗೆದುಕೊಳ್ಳಬೇಡಿ, ದುಬಾರಿ. ಚಿವಿಟವೆಕ್ಕಿಯಾ ಸ್ಟೇಷನ್‌ನಿಂದ ಲೋಕಲ್ ರೈಲು ಇದೆ. ರೋಮಾ ಸ್ಯಾನ್ ಪಿಯೆಟ್ರೊ ಅನ್ನುವ ಸ್ಟೇಷನ್‌ನಲ್ಲಿ ಇಳಿದರೆ ವ್ಯಾಟಿಕನ್ ನಡೆದುಹೋಗುವ ದೂರ. ಸುಮಾರು ಒಂದು ಗಂಟೆ ಪ್ರಯಾಣ. ಚೀಟಿ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರಂನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ, ನಿಮ್ಮ ದಿನ ಯಾವ ವಾರ ಬೀಳುತ್ತದೆ ನೋಡಿ.

ಕಡಲಹಕ್ಕಿ:

ಗಾಲಿ ಸರ್, ನಾವು ಇಬ್ಬರೇ ಆದರೆ ನಿಮ್ಮ ಮಾತು ಸರಿ. ಇವರ ಜೊತೆ ಮಂಡಿನೋವಿನ ಹಿರಿಯರಿದ್ದಾರೆ, ಮೊದಲ ಸಲ ಬೇರೆ. ಬಂದರಿನ ಒಳಗೇ ಬಸ್ಸು, ಆಮೇಲೆ ಸ್ಟೇಷನ್, ರೈಲು, ಮತ್ತೆ ನಡಿಗೆ. ವಾಪಸ್ ಬರುವಾಗ ರೈಲು ತಡವಾದರೆ ಆ ಒತ್ತಡ ಬೇರೆ. ಹಡಗಿನವರ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಾವಾಗಿ ಹೋಗಿ ತಡವಾದರೆ ಕಾಯುವುದಿಲ್ಲ. ರೋಮ್ ಊರು ಬಂದರಿನಿಂದ 70 ಕಿಲೋಮೀಟರ್‌ಗೂ ಜಾಸ್ತಿ ದೂರ ಅನ್ನುವುದನ್ನು ಮರೆಯಬಾರದು. ದೂರದ ಊರಿಗೆ ಹಡಗಿನ ಟೂರ್, ಹತ್ತಿರದ ಊರಿಗೆ ನಾವೇ, ಹೀಗೆ ಹಂಚಿಕೊಂಡರೆ ಹಣವೂ ಉಳಿಯುತ್ತದೆ. ಜಿನೋವಾದಲ್ಲಿ ಹಡಗು ಹಳೇ ಊರಿನ ಬುಡದಲ್ಲೇ ನಿಲ್ಲುತ್ತದೆ, ಯಾವ ಟೂರೂ ಬೇಡ. ಮಾಲ್ಟಾದ ವಲೆಟ್ಟಾ ಎತ್ತರದಲ್ಲಿದೆ, ಆದರೆ ಬಂದರಿನ ದಡದಿಂದ ಬರಾಕ್ಕಾ ತೋಟದವರೆಗೆ ಒಂದು ದೊಡ್ಡ ಲಿಫ್ಟ್ ಇದೆ, ಅತ್ತೆಯವರನ್ನು ಅದರಲ್ಲೇ ಕರೆದುಕೊಂಡು ಹೋಗಿ. ಮೇಲಿಂದ ಬಂದರು ಕಾಣುವ ನೋಟ ಇದೆಯಲ್ಲ, ಅವರು ಅಲ್ಲೇ ಕೂತುಬಿಡುತ್ತಾರೆ. ಮಾರ್ಸೇಯಲ್ಲಿ ಹಡಗು ನಿಲ್ಲುವ ಜಾಗ ಊರಿಂದ ದೂರ, ಶಟಲ್ ಬಸ್ಸು ಬೇಕು. ಹಳೇ ಬಂದರಿನಿಂದ ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ 60ನೇ ನಂಬರ್ ಸಿಟಿ ಬಸ್ಸು ಹೋಗುತ್ತದೆ.

ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ಹಡಗು ದಡ ಬಿಟ್ಟ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ. ಹಡಗಿಗೆ ತನ್ನದೇ ಸ್ಯಾಟಲೈಟ್ ನೆಟ್‌ವರ್ಕ್ ಇರುತ್ತದೆ, ಫೋನ್ ತಾನಾಗಿ ಅದಕ್ಕೆ ಸೇರಿಕೊಂಡರೆ ಬಿಲ್ ನೋಡಿ ಗಾಬರಿಯಾಗುತ್ತದೆ. ನೀವು ಹಾಕಿಸಿಕೊಂಡ ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೂ ನಡೆಯುತ್ತೆ ಅಂದುಕೊಳ್ಳಬೇಡಿ.

ರಾಜಾಜಿನಗರದವಳು:

ಅಬ್ಬಾ, ಇಷ್ಟೊಂದು ವಿಷಯ! ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಕುಕ್ಕರ್ ವಾಪಸ್ ಶೆಲ್ಫಿಗೆ ಹೋಯಿತು, ತುಪ್ಪಕ್ಕೆ ಮಾತ್ರ ಸ್ವಲ್ಪ ಬೇಜಾರಾದರು. ಮೈಸೂರು ಸಿಲ್ಕ್ ವಿಷಯಕ್ಕೆ ತುಂಬಾ ಖುಷಿ, ಹಸಿರು ಸೀರೆಗೆ ಫಾಲ್ ಹಚ್ಚಿಸಬೇಕು ಅಂತ ಆಗಲೇ ಹೊರಟರು. ಬಾರ್ಸಿಲೋನಾದಲ್ಲಿ ಒಂದು ರಾತ್ರಿ ಜಾಸ್ತಿ ಇರುವುದು ಅಂತ ಯಜಮಾನರೂ ಒಪ್ಪಿದರು.

ಇನ್ನು ಎರಡೇ ಪ್ರಶ್ನೆ. ಮಾವನ ವಾಂತಿಗೆ ಏನು ಮಾಡುವುದು? ದುಡ್ಡು ಹೇಗೆ ಒಯ್ಯುವುದು, ಎಲ್ಲ ಕಾರ್ಡಿನಲ್ಲೇ ಆಗುತ್ತಾ?

ಮಲ್ಲೇಶ್ವರದ ಡಾಕ್ಟರಮ್ಮ:

ಮಾವನ ವಿಷಯ ನಾನು ಹೇಳುತ್ತೇನೆ. ಘಾಟಿಯಲ್ಲಿ ವಾಂತಿ ಆಗುವವರಿಗೆಲ್ಲ ಹಡಗಿನಲ್ಲೂ ಆಗಲೇಬೇಕು ಅಂತಿಲ್ಲ. ಘಾಟಿಯಲ್ಲಿ ತಿರುವು ಮೇಲೆ ತಿರುವು, ಬ್ರೇಕು, ಡೀಸೆಲ್ ವಾಸನೆ. ದೊಡ್ಡ ಹಡಗು ನಿಧಾನಕ್ಕೆ ತೂಗುತ್ತದೆ, ಅಲುಗಾಟ ಕಡಿಮೆ ಮಾಡಲು ಪಕ್ಕದಲ್ಲಿ ರೆಕ್ಕೆಯಂಥ ಸ್ಟೆಬಿಲೈಜರ್ ಇರುತ್ತವೆ. ಆದರೂ ನಿಮ್ಮ ದಾರಿಯಲ್ಲಿ ಮಾರ್ಸೇ ಸುತ್ತಮುತ್ತಲಿನ ಸಮುದ್ರಕ್ಕೆ ಮಿಸ್ಟ್ರಾಲ್ ಅನ್ನುವ ಉತ್ತರದ ಜೋರು ಗಾಳಿ ಬೀಸುತ್ತದೆ. ಅದು ಬೀಸುವ ದಿನ ಅಲೆ ಏಳುತ್ತದೆ, ಸಿದ್ಧವಾಗಿರುವುದು ಒಳ್ಳೆಯದು.

ಕ್ಯಾಬಿನ್ ಬದಲಾಯಿಸಲು ಇನ್ನೂ ಅವಕಾಶ ಇದ್ದರೆ ಅವರದ್ದು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಇರಲಿ. ಅಲ್ಲಿ ಅಲುಗಾಟ ಎಲ್ಲಕ್ಕಿಂತ ಕಡಿಮೆ. ತಲೆ ಸುತ್ತಿದಂತೆ ಅನಿಸಿದರೆ ಕ್ಯಾಬಿನ್‌ನಲ್ಲಿ ಮುದುಡಿ ಮಲಗುವ ಬದಲು ಡೆಕ್ ಮೇಲೆ ಗಾಳಿಗೆ ಬಂದು ದೂರದ ಬಾನಂಚು ನೋಡುತ್ತಾ ಕೂರಲಿ. ಹೊಟ್ಟೆ ಖಾಲಿ ಬಿಡಬಾರದು, ಬಿಸ್ಕತ್ತು, ಒಣ ಬ್ರೆಡ್ಡು, ಶುಂಠಿ ಬಾಯಿಗೆ ಹಾಕಿಕೊಳ್ಳಲಿ. ಅವೊಮಿನ್ ಥರದ ಮಾತ್ರೆ ವಾಂತಿ ಶುರುವಾಗುವ ಮುಂಚೆ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಆದರೆ ಅದರಿಂದ ನಿದ್ದೆ ಮಂಪರು ಬರುತ್ತದೆ, ವಯಸ್ಸಾದವರು ಮೆಟ್ಟಿಲಲ್ಲಿ ಜಾರಬಹುದು. ಪ್ರೋಸ್ಟೇಟ್ ತೊಂದರೆ, ಗ್ಲಾಕೋಮಾ ಇದ್ದರೆ ಜಾಸ್ತಿ ಎಚ್ಚರ ಬೇಕು. ನಿಮ್ಮ ಡಾಕ್ಟರನ್ನು ಕೇಳಿ, ಊರಲ್ಲಿದ್ದಾಗಲೇ ಒಂದು ದಿನ ಕೊಟ್ಟು ನೋಡಿ ಆಮೇಲೆ ಒಯ್ಯಿರಿ.

ಬಿಪಿ, ಶುಗರ್ ಮಾತ್ರೆಗಳನ್ನು ವಾರದ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಔಷಧಿಯ ಹೆಸರು ಕಾಣುವ ಸ್ಟ್ರಿಪ್‌ನಲ್ಲೇ ಇರಲಿ. ಪ್ರಿಸ್ಕ್ರಿಪ್ಶನ್‌ನಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿ, ನಮ್ಮ ಬ್ರಾಂಡ್ ಹೆಸರು ಅಲ್ಲಿಯ ಮೆಡಿಕಲ್ ಶಾಪಿನವರಿಗೆ ಗೊತ್ತಿರುವುದಿಲ್ಲ. ಒಂದು ವಾರಕ್ಕೆ ಹೆಚ್ಚುವರಿ ಮಾತ್ರೆ ಇನ್ನೊಬ್ಬರ ಕೈಬ್ಯಾಗಿನಲ್ಲಿ ಇಡಿ. ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಮುಂಚೆಯಿಂದ ಇರುವ ಕಾಯಿಲೆಗೂ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚಿಗೂ ರಕ್ಷಣೆ ಇದೆಯಾ ಅಂತ ಬರಹದಲ್ಲಿ ನೋಡಿ. ವೀಸಾಗೆ ಸಾಕು ಅಂತ ಅಗ್ಗದ ಪಾಲಿಸಿ ತೆಗೆದುಕೊಂಡು ಹಿರಿಯರನ್ನು ಕರೆದುಕೊಂಡು ಹೋಗಬಾರದು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಫೀಸು ನಮ್ಮ ಲೆಕ್ಕಕ್ಕೆ ತುಂಬಾ ಜಾಸ್ತಿ.

ಅತ್ತೆಗೆ ಮಡಚುವ ಊರುಗೋಲು ಕೊಡಿಸಿ, ಕಲ್ಲು ಹಾಸಿನ ಮೇಲೆ ಅದು ದೊಡ್ಡ ಆಸರೆ. ಪಾಂಪೇಗೆ ಅವರನ್ನು ಪೂರ್ತಿ ಸುತ್ತಿಸಬೇಡಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದು ಎಲ್ಲರೂ ಮಾಡಿ, ಹಡಗುಗಳಲ್ಲಿ ಹರಡುವ ನೋರೋವೈರಸ್‌ಗೆ ಬರೀ ಸ್ಯಾನಿಟೈಜರ್ ಸಾಲುವುದಿಲ್ಲ.

ಬಸವನಗುಡಿ ಬ್ಯಾಗು:

ದುಡ್ಡಿಗೆ: ಹಡಗಿನ ಒಳಗೆ ನೋಟು ನಡೆಯುವುದಿಲ್ಲ, ಕ್ಯಾಬಿನ್ ಕಾರ್ಡೇ ಎಲ್ಲದಕ್ಕೂ. ಅದಕ್ಕೆ ಕ್ರೆಡಿಟ್ ಕಾರ್ಡ್ ಜೋಡಿಸಿ. ಮೊದಲೇ ಯೂರೋ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡ್ ಜೋಡಿಸಿದರೆ ಅವರು ಮುಂಗಡವಾಗಿ ತಡೆಹಿಡಿದ ಹಣ ಬಿಡುಗಡೆ ಆಗುವುದಕ್ಕೆ ದಿನಗಟ್ಟಲೆ ಆಗಬಹುದು, ಅಷ್ಟರಲ್ಲಿ ಊರಲ್ಲಿ ಖರ್ಚಿಗೆ ಕಾರ್ಡ್ ಖಾಲಿ. ಟಿಪ್ಸ್ ಬಹಳಷ್ಟು ಹಡಗುಗಳಲ್ಲಿ ದಿನಕ್ಕೆ ಒಬ್ಬರಿಗೆ ಇಷ್ಟು ಅಂತ ತಾನಾಗಿ ಬಿಲ್‌ಗೆ ಸೇರುತ್ತದೆ, ನಿಮ್ಮ ಪ್ಯಾಕೇಜಿನಲ್ಲಿ ಸೇರಿದೆಯಾ ಕೇಳಿ. ಅಂಗಡಿಯಲ್ಲಿ ಮೆಷಿನ್ ರೂಪಾಯಿ ಬೇಕಾ ಯೂರೋ ಬೇಕಾ ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಅವರದೇ ದರ ಹಾಕುತ್ತಾರೆ. ಕೈಯಲ್ಲಿ 5, 10 ಯೂರೋ ನೋಟು, ಸ್ವಲ್ಪ ಚಿಲ್ಲರೆ ಇರಲಿ, ಶೌಚಾಲಯಕ್ಕೆ ನಾಣ್ಯ ಬೇಕಾಗುತ್ತದೆ. ಪ್ಯಾಕೇಜ್ ಏಜೆಂಟ್ ಮೂಲಕ ಮಾಡಿದ್ದರೆ ಟಿಸಿಎಸ್ ಅಂತ ಅವರೇ ಸ್ವಲ್ಪ ತೆರಿಗೆ ಹಿಡಿದಿರುತ್ತಾರೆ, ರಿಟರ್ನ್ಸ್ ಹಾಕುವಾಗ ಅದು ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ, ರಸೀದಿ ಬಿಸಾಡಬೇಡಿ.

ಬಾರ್ಸಿಲೋನಾದ ಲಾ ರಾಂಬ್ಲಾ ರಸ್ತೆ, ಮೆಟ್ರೋ ಎರಡೂ ಕಡೆ ಜೇಬುಗಳ್ಳರು ಜಾಸ್ತಿ. ಮಾವನ ಪರ್ಸ್ ಹಿಂದಿನ ಜೇಬಿನಲ್ಲಿ ಇರಬಾರದು. ಸಗ್ರಾದಾ ಫಮಿಲಿಯಾ ಚರ್ಚಿನ ಟಿಕೆಟ್ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಅಲ್ಲಿ ಹೋಗಿ ನಿಂತರೆ ಸಿಗುವುದು ಕಷ್ಟ.

ಗಾಲಿ ಗಿರಿನಗರ:

ಒಂದು ಬಿಟ್ಟುಹೋಗಿದೆ. ಹತ್ತಿದ ದಿನ ಸೇಫ್ಟಿ ಡ್ರಿಲ್ ಇರುತ್ತದೆ, ಕಡ್ಡಾಯ. ಅತ್ತೆ ಮಾವ ಸುಸ್ತಾಗಿದ್ದಾರೆ ಅಂತ ಕ್ಯಾಬಿನ್‌ನಲ್ಲಿ ಬಿಡಬೇಡಿ. 2012ರ ಜನವರಿಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಬಂಡೆಗೆ ಬಡಿದಾಗ ಅವತ್ತೇ ಹತ್ತಿದ್ದ ಎಷ್ಟೋ ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. 32 ಜನ ತೀರಿಕೊಂಡರು. ಅದಾದ ಮೇಲೆ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಲೇಬೇಕು ಅಂತ ಅಂತಾರಾಷ್ಟ್ರೀಯ ನಿಯಮ ಬಂತು. ನಿಮ್ಮ ಮಸ್ಟರ್ ಸ್ಟೇಷನ್, ಅಂದ್ರೆ ಅಪಾಯ ಬಂದಾಗ ಹೋಗಿ ಸೇರಬೇಕಾದ ಜಾಗ ಯಾವುದು, ಅಲ್ಲಿಗೆ ಲಿಫ್ಟ್ ಇಲ್ಲದೆ ಯಾವ ಮೆಟ್ಟಿಲಿನಿಂದ ಹೋಗಬೇಕು ಅಂತ ಅತ್ತೆಯವರ ಜೊತೆ ಒಂದು ಸಲ ನಡೆದು ನೋಡಿ. ಮೆಟ್ಟಿಲು ಇಳಿಯಲು ಸಹಾಯ ಬೇಕು ಅಂತ ರಿಸೆಪ್ಶನ್‌ನಲ್ಲಿ ಹೆಸರು ಬರೆಸಿ, ಅಂಥವರ ಪಟ್ಟಿ ಇಟ್ಟುಕೊಂಡಿರುತ್ತಾರೆ.

ರಾಜಾಜಿನಗರದವಳು:

ಹೆಸರು ಬರೆಸುವ ವಿಷಯ ಗೊತ್ತೇ ಇರಲಿಲ್ಲ, ಖಂಡಿತ ಬರೆಸುತ್ತೇನೆ. ಚಾರ್ಜರ್‌ಗೆ ಅಡಾಪ್ಟರ್ ಬೇಕಾ ಅಂತ ಯಜಮಾನರು ಕೇಳುತ್ತಿದ್ದಾರೆ.

ಕಡಲಹಕ್ಕಿ:

ನಮ್ಮ ಫೋನ್ ಚಾರ್ಜರಿನ ತೆಳು ಎರಡು ಪಿನ್ ಯುರೋಪಿನ ಸಾಕೆಟ್‌ಗೆ ಹೋಗುತ್ತದೆ. ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಹೋಗುವುದಿಲ್ಲ, ಅದಕ್ಕೊಂದು ಯುರೋಪ್ ಅಡಾಪ್ಟರ್ ಬೇಕು, ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಹಡಗಿನ ಕ್ಯಾಬಿನ್‌ನಲ್ಲಿ ಸಾಕೆಟ್ ಕಡಿಮೆ, ನಾಲ್ಕು ಯುಎಸ್‌ಬಿ ಕಿಂಡಿ ಇರುವ ಒಂದೇ ಚಾರ್ಜರ್ ಒಯ್ಯಿರಿ. ಪವರ್‌ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿದರೆ ನಮ್ಮ ಏರ್‌ಪೋರ್ಟಿನಲ್ಲೇ ಕರೆದು ತೆಗೆಸುತ್ತಾರೆ. ಸ್ಪೇನ್ ಸ್ಲಾಟ್ ಸಿಕ್ಕ ಮೇಲೆ ಇಲ್ಲೇ ಬರೆಯಿರಿ, ಕವರಿಂಗ್ ಲೆಟರ್ ನೋಡಿಕೊಡುತ್ತೇನೆ.